ಪದ್ಮಾ ಅಳೆಯುವ ಆರುನೂರು ಸ್ಪ್ರಿಂಗುಗಳು

ಬೆಳಗಿನ ಐದು ಗಂಟೆ. ದೆಹಲಿಯ ರೋಹಿಣಿಯ ಎರಡು ಕೋಣೆಯ ಮನೆಯಲ್ಲಿ ಪದ್ಮಾ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂತಿದ್ದಾರೆ. ಗೋಡೆಯ ಮೊಳೆಗೆ ಸ್ಪ್ರಿಂಗ್ ತೂಗುಹಾಕಿ, ತುದಿಗೆ ತೂಕದ ಬಿಲ್ಲೆ ಸಿಕ್ಕಿಸಿ, ಅಳತೆಪಟ್ಟಿಯ ಮುಂದೆ ಉಸಿರು ಬಿಗಿಹಿಡಿಯುತ್ತಾರೆ. ಗಾಳಿಯಾಡಿದರೆ ಸ್ಪ್ರಿಂಗ್ ಅಲುಗುತ್ತದೆ. ಎಂಟರ ಹೊತ್ತಿಗೆ ಜೂನ್ ಸೆಕೆಗೆ ಫ್ಯಾನ್ ಬೇಕೇ ಬೇಕು. ಅಷ್ಟರೊಳಗೆ ನಲವತ್ತು ಮುಗಿಯಬೇಕು.

“ಇಡ್ಲಿ ಹಿಟ್ಟಿಗೂ ನಾನು ಇಷ್ಟು ಅಳತೆ ನೋಡುದಿಲ್ಲ ಮಾರಾಯ್ತಿ,” ಎನ್ನುತ್ತಾ ಹೋಟೆಲಿಗೆ ಹೊರಡುತ್ತಾರೆ ಪತಿ ಗೋಪಿನಾಥ.

“ಅದಕ್ಕೇ ಒಂದೊಂದು ದಿನ ಕಲ್ಲಾಗುದು.” ಪದ್ಮಾ ತಲೆಯೆತ್ತುವುದಿಲ್ಲ.

ಕುಂದಾಪುರದ ಪದ್ಮಾ ಇಲ್ಲಿನ ಶಾಲೆಯೊಂದರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದವರು. ಈಗ, ಮಕ್ಕಳು ಮನೆಯಲ್ಲೇ ಪ್ರಯೋಗ ಮಾಡಿ, ಉತ್ತರದ ಜೊತೆ ಪೆಟ್ಟಿಗೆಯನ್ನೂ ವಾಪಸು ಕಳಿಸುವ ಭೌತಶಾಸ್ತ್ರ ಸ್ಪರ್ಧೆಯೊಂದಕ್ಕೆ ವರ್ಷಕ್ಕೆ ಪ್ರಯೋಗದ ಸಾಮಾನಿನ ಆರುನೂರು ಪೆಟ್ಟಿಗೆ ಸಿದ್ಧಪಡಿಸುತ್ತಾರೆ. ಮನೆಯಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಆದ್ದರಿಂದ ಪ್ರತಿ ಪೆಟ್ಟಿಗೆಯ ಸ್ಪ್ರಿಂಗಿನ ಬಿಗಿಯೂ ಬೇರೆ. ಯಾವುದು ಎಷ್ಟು ಹಿಗ್ಗುತ್ತದೆಂಬುದು ಪದ್ಮಾರ ಪುಸ್ತಕದಲ್ಲಿರುತ್ತದೆ. ಗೆಳೆಯನದನ್ನು ಕಾಪಿ ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಕಳೆದ ವರ್ಷ ಒಂದೇ ಶಾಲೆಯ ಅಮೂಲ್ಯ ಮತ್ತು ಕಾರ್ತಿಕ್ ಹಾಗೆ ಸಿಕ್ಕಿಬಿದ್ದರು. ಪುಸ್ತಕದ ಪ್ರಕಾರ ಅವಳ ಉತ್ತರ ಅವನ ಸ್ಪ್ರಿಂಗಿಗೆ ಹೊಂದುತ್ತಿತ್ತು, ಅವನದು ಅವಳದಕ್ಕೆ. ಇಬ್ಬರೂ ಕೂಡಿ ಮಾಡಿ ಗೊಂದಲ ಮಾಡಿಕೊಂಡಿದ್ದಾರೆಂದು ತೀರ್ಪುಗಾರರು ಭಾವಿಸಿದರು. ಹೊರಹಾಕುವ ಪತ್ರವೂ ತಯಾರಾಯಿತು. ಅಮೂಲ್ಯ ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದವರು ಪದ್ಮಾ.

“ಆಂಟಿ, ಮೈನೇ ಜೋ ದೇಖಾ ವಹೀ ಲಿಖಾ. ನಾನು ನೋಡಿದ್ದೇ ಬರೆದಿದ್ದು, ಪ್ರಾಮಿಸ್.”

ಮರುದಿನ ಬೆಳಿಗ್ಗೆ ಪದ್ಮಾ ವಾಪಸಾಗಿದ್ದ ಎರಡೂ ಪೆಟ್ಟಿಗೆ ತೆರೆದು ಅಳೆದರು. ನಂಬರಿನ ಚೀಟಿ ಅಂಟಿಸುವಾಗ ಅವರಿಬ್ಬರ ನೂರ ಹದಿನೇಳು, ನೂರ ಹದಿನೆಂಟು ತಮ್ಮ ಕೈಯಲ್ಲೇ ಅದಲುಬದಲಾಗಿದ್ದವು.

“ಇದನ್ನು ಹೇಳಿದ್ರೆ ನನಗೆ ಮತ್ತೆ ಕೆಲಸ ಯಾರು ಕೊಡ್ತಾರೆ ಅಂತ ಹೆದರಿಕೆ ಆಯ್ತು. ಆದ್ರೆ ಆ ಮಕ್ಕಳು ಕಳ್ಳರಲ್ವಲ್ಲ.”

ಸ್ಪರ್ಧೆಯ ಕಚೇರಿಯ ಬೀಗ ತೆಗೆಯುವ ಮೊದಲೇ ಅವರು ತಮ್ಮ ತಪ್ಪು ಹೇಳಲು ಬಾಗಿಲಲ್ಲಿದ್ದರು. ಮಕ್ಕಳು ಸ್ಪರ್ಧೆಯಲ್ಲಿ ಉಳಿದರು. ಪದ್ಮಾ ಹದಿನೈದು ಬೆಳಗು ಕೂತು ಆರುನೂರನ್ನೂ ಮತ್ತೆ ಅಳೆದರು. ಬೇರೆ ತಪ್ಪು ಸಿಗಲಿಲ್ಲ. ಇದನ್ನು ನಾನು ಕಚೇರಿಯಲ್ಲೂ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಕೆಲಸವೂ ಉಳಿಯಿತು.

ಪುಸ್ತಕದ ಆ ಪುಟವನ್ನು ಅವರೇ ತೆರೆದು ತೋರಿಸುತ್ತಾರೆ. ಎರಡು ಅಂಕಿಗಳ ಮೇಲೆ ಒಂದೊಂದೇ ಗೆರೆ. ಅಡಿಯ ತಪ್ಪು ಈಗಲೂ ಚೆನ್ನಾಗಿ ಓದಬರುತ್ತದೆ. ಬೇರೆ ಹಾಳೆಯಲ್ಲಿ ನೀಟಾಗಿ ಬರೆಯಬಹುದಿತ್ತಲ್ಲ ಎಂದು ಕೇಳಿದೆ.

“ಅಚ್ಛಾ! ತಪ್ಪಾದ್ರೆ ಅಳಿಸಬೇಡಿ, ಗೆರೆ ಎಳೆದು ಪಕ್ಕದಲ್ಲಿ ಸರಿ ಬರೀರಿ ಅಂತ ಮಕ್ಕಳಿಗೆ ಕೊಡೋ ಹಾಳೆಯಲ್ಲೇ ಉಂಟು. ಅವರಿಗೊಂದು ನ್ಯಾಯ, ನನಗೊಂದಾ?”