ಗಾಡಿ ಹತ್ತದ ಹರಕೆ

ಟೈಲರಕ್ಕನ ತುಟಿಯ ಎಡಮೂಲೆಯಲ್ಲಿ ಸದಾ ಎರಡು ಗುಂಡುಪಿನ್ನು. ಮಾತು ಬಲಮೂಲೆಯಿಂದ ಬರುತ್ತದೆ. ಮೆಷಿನ್ನಿಗೆ ಮೋಟರ್ ಹಾಕಿಸಿದ ಮೇಲೆ ಕಾಲಿಗೆ ತುಳಿಯುವ ಕೆಲಸವೂ ತಪ್ಪಿ, ಆಗೆಲ್ಲ ಸಂಜೆಯ ಹೊತ್ತಿಗೆ ಅವರ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು.

ಅಂಗಡಿ ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ. ಮನೆ ಪೇಟೆಯಿಂದ ಎರಡು ಮೈಲಿ ಆಚೆ, ನಮ್ಮ ಮನೆಯ ಪಕ್ಕ. ನಾನು ಗಾರೆ ಕೆಲಸದವರ ಮಗಳು, ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ಮೊದಲನೆಯವಳು. ಹೇಳಿಕೊಳ್ಳಲು ಸಂಕೋಚವಿಲ್ಲ. ಸಂಜೆ ಒಬ್ಬಳೇ ಬರಬೇಡ ಎಂದು ಅಪ್ಪನ ಕಟ್ಟಪ್ಪಣೆ. ಹಾಗಾಗಿ ಕಾಲೇಜು ಬಿಟ್ಟ ಮೇಲೆ ಅಕ್ಕನ ಅಂಗಡಿಯಲ್ಲೇ ಕೂತು ಓದಿ, ಬಾಗಿಲು ಹಾಕಿದ ಮೇಲೆ ಅವರೊಟ್ಟಿಗೇ ಮನೆಗೆ.

ಶುಗರ್ ಇದೆ, ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲಿಗೇ ಕುತ್ತು ಎಂದು ಡಾಕ್ಟರು ಅವರಿಗೆ ಹೇಳಿದ್ದರು. ಯಾವಾಗ ನಡೆಯುವುದು? ಬೆಳಿಗ್ಗೆ ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ ಬಸ್ಸಿಗೆ ಓಡಬೇಕು. ಆಮೇಲೆ ದಿನವಿಡೀ ರವಿಕೆ. ಉಳಿದದ್ದು ಮನೆಗೆ ಬರುವ ದಾರಿ ಒಂದೇ.

ಅದನ್ನೂ ನಮ್ಮೂರು ಬಿಡಲಿಲ್ಲ. ಇಲ್ಲಿ ನಡೆಯುವವರನ್ನು ಕಂಡೂ ಗಾಡಿ ನಿಲ್ಲಿಸದವನು ಮನುಷ್ಯನಲ್ಲ. ನಿಲ್ಲಿಸಿದ ಗಾಡಿ ಹತ್ತದವರು ಅದಕ್ಕಿಂತ ಕಡೆ. ಆಚೆಮನೆಯ ಪಿಕಪ್ಪಿನವನಂತೂ ದಿನಾ ಬ್ರೇಕು ಹಾಕುತ್ತಿದ್ದ.

"ಹತ್ತಿ ಅಕ್ಕಾ."

"ಬೇಡ ಮಾರಾಯ, ನಡ್ಕಂಡು ಬರ್ತೀವಿ."

"ಎಂತ, ಬೇಲಿ ವಿಷಯಕ್ಕೆ ಇನ್ನೂ ಸಿಟ್ಟಾ?"

ಹತ್ತದಿದ್ದರೆ ಹಳೇ ಬೇಲಿ ಜಗಳ ಮರೆತಿಲ್ಲ ಎಂದಾಗುತ್ತಿತ್ತು, ಹತ್ತಲೇಬೇಕಾಗುತ್ತಿತ್ತು. "ಶುಗರ್ ಅಂತ ಹೇಳಿಬಿಡಿ" ಎಂದೆ ನಾನು.

"ಹೇಳಿದ್ರೆ ಕಣ್ಣೂ ಮಂಜು ಅಂತಾರೆ ಕೂಸೇ. ಆಮೇಲೆ ನನ್ನ ಹತ್ರ ಬಟ್ಟೆ ಯಾರು ಕೊಡ್ತಾರೆ?"

ಒಂದು ಸಂಜೆ ಅವರಿಗೆ ಸಾಕಾಯಿತು. ಪಿಕಪ್ಪಿನವನು ಬಾಗಿಲು ತೆರೆದದ್ದೇ, "ಮನೆಗೆ ಹೋಗುವಾಗ ಗಾಡಿ ಹತ್ತಲ್ಲ ಅಂತ ಶಾರದಮ್ಮಂಗೆ ಹರಕೆ ಹೇಳ್ಕಂಡಿದೀನಿ" ಎಂದುಬಿಟ್ಟರು. ಅವನು ಎಂಜಿನ್ ಆಫ್ ಮಾಡಿ ಶೃಂಗೇರಿಯ ದಿಕ್ಕಿಗೆ ಕೈಮುಗಿದ.

"ಎಂತಕ್ಕೆ ಹರಕೆ?"

ಅಕ್ಕ ಅತ್ತಿತ್ತ ನೋಡಿದರು. ಸಿಕ್ಕಿದ್ದು ಬ್ಯಾಗು ಹೊತ್ತ ನಾನು. "ಈ ಕೂಸು ಡಿಗ್ರಿ ಪಾಸಾಗೋವರೆಗೆ."

ಮರುದಿನಕ್ಕೆ ಊರಿಗೇ ಗೊತ್ತು. ಯಾರೂ ಗಾಡಿ ನಿಲ್ಲಿಸಲಿಲ್ಲ. ಬದಲಿಗೆ ಕಿಟಕಿಯಿಂದ ಕೂಗುತ್ತಿದ್ದರು: "ಏ ಹುಡುಗಿ, ಸರಿಯಾಗಿ ಓದು! ಅಕ್ಕನ ಕಾಲು ಸವೀತಿದೆ!" ಸವೆಯಲಿಲ್ಲ, ಊತ ಇಳಿಯಿತು.

ಒಳ್ಳೆ ಸುಳ್ಳು ಎಂದು ನಾನು ನಕ್ಕೆ. ಅವರು ನಗಲಿಲ್ಲ. "ದೇವರ ಹೆಸರು ಹಿಡಿದು ಹೇಳಿದ ಮೇಲೆ ಅದು ಸುಳ್ಳಾಗ್ತದಾ?" ಜಡಿಮಳೆಯಲ್ಲಿ, ಜ್ವರದಲ್ಲಿ, ಬಸ್ಸು ಪಕ್ಕದಲ್ಲೇ ಹಾದರೂ ಹತ್ತಲಿಲ್ಲ. ಅತ್ತೆ ಮಂಚದಿಂದ ಬಿದ್ದರೆಂದು ಪಿಕಪ್ಪಿನವನು ಅಂಗಡಿಗೇ ಬಂದು ಹೇಳಿದ ದಿನ, ಗಾಡಿಯ ಬಾಗಿಲಿನ ಹಿಡಿಗೆ ಕೈ ಹಾಕಿದವರು ಸುಟ್ಟ ಹಾಗೆ ಹಿಂದೆ ತೆಗೆದರು. "ನೀ ಹೋಗು, ಎತ್ತಿ ಮಲಗ್ಸು." ನಾನು ಅದೇ ಗಾಡಿಯಲ್ಲಿ ಹೋಗಿ ಆ ಮುದುಕಿಯನ್ನು ಎತ್ತಿ, ನೀರು ಕುಡಿಸಿ ಎಷ್ಟೋ ಹೊತ್ತಾದ ಮೇಲೆ ಅಕ್ಕ ಏದುಸಿರು ಬಿಡುತ್ತ ಹೊಸಿಲು ದಾಟಿದರು. ನನ್ನ ಮುಖ ನೋಡಲಿಲ್ಲ. ಅವತ್ತು ನನಗೆ ತಿಳಿಯಿತು: ನಾನು ಪಾಸಾಗದೆ ಈ ಹೆಂಗಸಿಗೆ ಬಿಡುಗಡೆಯಿಲ್ಲ.

ನನಗಾದರೂ ಎಲ್ಲಿತ್ತು? ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾದಾಗ ಅಪ್ಪ, "ಸಾಕು, ಎಲ್ಲಾದ್ರೂ ಕೆಲಸಕ್ಕೆ ಸೇರು" ಎಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಅಕ್ಕ ನಮ್ಮ ಜಗುಲಿಗೆ ಬಂದು ಇಷ್ಟೇ ಕೇಳಿದರು: "ಹಾಗಾದ್ರೆ ನಾನು ಸಾಯೋವರೆಗೂ ಹತ್ತೋ ಹಾಗಿಲ್ವಾ?" ಅಪ್ಪ ದೇವರಿಗೆ ಹೆದರಿದರು. ನಾನು ಮತ್ತೆ ಪರೀಕ್ಷೆಗೆ ಕಟ್ಟಿದೆ.

ಕೊನೆಗೂ ಡಿಗ್ರಿ ಆಯಿತು. ಇಬ್ಬರೂ ಶೃಂಗೇರಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆವು. ಮಾರನೆಯ ಸಂಜೆಯೇ ಪಿಕಪ್ಪು ಬಂದು ನಿಂತಿತು. "ಹರಕೆ ತೀರ್ತಲ್ಲ ಅಕ್ಕಾ, ಇನ್ನು ಹತ್ತಿ!" ಅವನ ಮುಖದಲ್ಲಿ ನಿಜವಾದ ಸಂತೋಷ. ಹತ್ತಿದರು. ಮರುದಿನವೂ ಹತ್ತಿದರು. ತಿಂಗಳೊಳಗೆ ಚಪ್ಪಲಿ ಬಿಗಿಯಾಯಿತು.

ಮತ್ತೊಂದು ಸಂಜೆ, ಪಿಕಪ್ಪಿನ ಬಾಗಿಲು ತೆರೆದಿರುವಾಗಲೇ ನನ್ನ ಕಡೆ ತಿರುಗಿದರು.

"ಎಂ.ಎ. ಅಂದ್ರೆ ಎಷ್ಟು ವರ್ಷ?"

"ಎರಡು."

ಬಾಗಿಲನ್ನು ಹೊರಗಿನಿಂದಲೇ ಹಾಕಿದರು. "ಇದು ಇನ್ನೂ ಓದ್ತದಂತೆ ಮಾರಾಯ. ನೀ ಹೋಗು."

ಎಂ.ಎ. ಆಯಿತು. ಈಗ ಬಿ.ಎಡ್. ಓದುತ್ತಿದ್ದೇನೆ. ಸಾಕಾಗಿದೆ ಎಂದು ಹೇಳುವ ಹಾಗಿಲ್ಲ. ಅಕ್ಕನ ಕಾಲು ನೆಟ್ಟಗಿದೆ.