ಮೂರೂ ಇದ್ದವು

ಬೆಳಗಿನ ಆರು ಗಂಟೆ. ರನ್‌ವೇಯ ತುದಿಯಲ್ಲಿ, ಒದ್ದೆ ಹುಲ್ಲಿನ ನಡುವೆ, ಕೆಂಪು-ಬಿಳಿ ಚೌಕಗಳ ಬಣ್ಣ ಬಳಿದ ಒಂದು ಗಾಜಿನ ಗೂಡು. ಒಳಗೆ ಒಂದು ಕುರ್ಚಿ, ಒಂದು ರೇಡಿಯೊ, ಒಂದು ದುರ್ಬೀನು, ಕೈಗೆಟುಕುವ ಹಾಗೆ ಮೊಳೆಗೆ ನೇತುಹಾಕಿದ ಒಂದು ಪಿಸ್ತೂಲು. ಅದು ಗುಂಡು ಹಾರಿಸುವುದಿಲ್ಲ, ಕೆಂಪು ಬೆಳಕು ಹಾರಿಸುತ್ತದೆ. ಮಂಜು ಇನ್ನೂ ನೆಲ ಬಿಟ್ಟಿಲ್ಲ. ಕುರ್ಚಿಯಲ್ಲಿ ಕೂತವರು ಆಕಾಶ ನೋಡುತ್ತಿಲ್ಲ, ಹುಲ್ಲಿನಲ್ಲಿ ಚಿಲಿಪಿಲಿಗುಟ್ಟುವ ಹಕ್ಕಿಗಳಿಗೆ ಕಿವಿಗೊಟ್ಟಿದ್ದಾರೆ. ಹಕ್ಕಿಗಳು ಒಮ್ಮೆಲೇ ಸುಮ್ಮನಾಗುತ್ತವೆ.

“ಬಂತು,” ಎನ್ನುತ್ತಾರೆ.

ನನಗೇನೂ ಕೇಳಿಸುವುದಿಲ್ಲ. ಎದುರಿನಿಂದ ಬರುವ ಯುದ್ಧವಿಮಾನಕ್ಕೆ ಸದ್ದು ಕಡಿಮೆ. ಅದರ ಆರ್ಭಟವೆಲ್ಲ ಬೆನ್ನ ಹಿಂದೆ. ಮಂಜಿನಲ್ಲಿ ಒಂದು ದೀಪ ಮೂಡಿ, ಅಲುಗಾಡದೆ ದೊಡ್ಡದಾಗುತ್ತಾ ಬರುತ್ತದೆ. ಅದರ ಹಿಂದೆ ಯಾರೂ ಇಲ್ಲವೇನೋ ಎನ್ನಿಸುತ್ತದೆ. ಅವರು ದುರ್ಬೀನು ಹಿಡಿದ ಕೈಯ ಜೊತೆಗೆ ಎಡಗೈಯನ್ನೂ ಎತ್ತಿ ಬೆರಳು ಮಡಿಸುತ್ತಾರೆ. ಮೂಗಿನ ಕೆಳಗಿನ ಚಕ್ರಕ್ಕೆ ಒಂದು, ಎಡರೆಕ್ಕೆಯ ಚಕ್ರಕ್ಕೆ ಒಂದು, ಬಲದ್ದಕ್ಕೆ ಇನ್ನೊಂದು.

“ಮೂರು,” ಎಂದು ರೇಡಿಯೊಗೆ ಹೇಳುತ್ತಾರೆ. ಮರುಕ್ಷಣ ಗಾಜೆಲ್ಲ ಗಡಗಡ ನಡುಗುತ್ತದೆ. ವಿಮಾನ ನೆಲ ಮುಟ್ಟಿ ಮಂಜಿನೊಳಗೆ ಮಾಯವಾಗುತ್ತದೆ.

ಇಷ್ಟೇ ಇವರ ಕೆಲಸ. ಇಳಿಯುವ ಪ್ರತಿ ವಿಮಾನದ ಹೊಟ್ಟೆ ನೋಡಿ ಚಕ್ರ ಎಣಿಸುವುದು. ದಿನಕ್ಕೆ ಸುಮಾರು ನಲವತ್ತು ವಿಮಾನ, ಇಪ್ಪತ್ತೆರಡು ವರ್ಷ. ಅದಕ್ಕೂ ಮುಂಚೆ ಇಲ್ಲೇ ಟೈರು ಬದಲಿಸುವ ಶೆಡ್ಡಿನಲ್ಲಿದ್ದರು. ಮೂರಕ್ಕೆ ಒಂದು ಕಡಿಮೆಯಾದರೂ ಕೆಂಪು ಬೆಳಕು ಹಾರಿಸಬೇಕು, ಪೈಲಟ್ ಇಳಿಯದೆ ಮತ್ತೆ ಮೇಲೇರಬೇಕು. ಹಾಗೆ ಹಾರಿಸಿದ್ದು ಇಷ್ಟು ವರ್ಷದಲ್ಲಿ ಒಂಬತ್ತೇ ಸಲ. ಒಂಬತ್ತು ಸಲವೂ ಸುದ್ದಿಯಾಗಲಿಲ್ಲ, ಯಾಕೆಂದರೆ ಏನೂ ಆಗಲಿಲ್ಲ. ಮೂರು ಬಿಟ್ಟರೆ ಇವರ ಬಾಯಲ್ಲಿ ಬೇರೆ ಮಾತಿಲ್ಲವೆಂದು ಎಲ್ಲರೂ ಇವರನ್ನು ಮೂರಣ್ಣ ಎನ್ನುತ್ತಾರೆ.

“ಪೈಲಟ್ ಮುಂದೆ ದೀಪ ಇರುತ್ತಲ್ಲ, ಚಕ್ರ ಇಳೀತು ಅಂತ ತೋರ್ಸೋಕೆ?” ಎಂದು ನಾನು ಕೇಳುತ್ತೇನೆ.

“ಇರುತ್ತೆ ಸಾರ್. ದೀಪಕ್ಕೂ ಒಂದೊಂದ್ಸಲ ಸುಳ್ಳು ಹೇಳೋಕೆ ಬರುತ್ತೆ. ಅದಕ್ಕೇ ನನ್ನನ್ನ ಕೂರಿಸಿರೋದು.”

ಮನೆಯಲ್ಲೂ ಈ ಚಟ ಬಿಟ್ಟಿಲ್ಲ ಎಂದು, ನಿನ್ನೆ ನಾನು ಮನೆ ಹುಡುಕಿಕೊಂಡು ಹೋದಾಗ, ಅವರ ಹೆಂಡತಿ ಹೇಳಿದ್ದರು. “ಕೂರೋ ಮುಂಚೆ ಕುರ್ಚಿ ಕಾಲು ಎಣಿಸ್ತಾರೆ. ನಮ್ಮ ಮದುವೇಲಿ ನನ್ನ ಮುಖಾನೂ ಅಷ್ಟು ಗಮನ ಕೊಟ್ಟು ನೋಡಿದ್ರೋ ಇಲ್ವೋ ಗೊತ್ತಿಲ್ಲ!” ಎಂದು ನಕ್ಕಿದ್ದರು. ಆಮೇಲೆ ದನಿ ತಗ್ಗಿಸಿ, “ಹೋದ ವರ್ಷದಿಂದ ನಿದ್ದೇಲೂ ಬೆರಳು ಮಡಿಸ್ತಾರೆ. ಎರಡು ಮಡಿಸಿ ನಿಲ್ಲಿಸಿಬಿಡ್ತಾರೆ. ನಾನು ಮೂರನೇದನ್ನ ಹಿಡಿದು ಮಡಿಸಿದ್ರೇನೇ ಉಸಿರು ಬಿಡೋದು,” ಎಂದಿದ್ದರು. ಆಗ ಅವರು ನಗುತ್ತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ, ಒಬ್ಬ ಹುಡುಗಿ ಹಾರಿಸುತ್ತಿದ್ದ ವಿಮಾನ ಇಳಿಯಿತು. ಮೂರಣ್ಣ ಮೂರು ಎಂದರು. ವಿಮಾನ ನೆಲ ಮುಟ್ಟಿ ಸ್ವಲ್ಪ ದೂರ ಓಡಿ ಎಡಕ್ಕೆ ಕುಸಿಯಿತು, ರೆಕ್ಕೆಯನ್ನು ನೆಲಕ್ಕೆ ಉಜ್ಜುತ್ತಾ ಹುಲ್ಲಿಗೆ ನುಗ್ಗಿ ನಿಂತಿತು. ಪೈಲಟ್ ಬದುಕಿದಳು. ಬೇಲಿಯಾಚೆಯಿಂದ ಯಾರೋ ತೆಗೆದ ಫೋಟೊ ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು. ಅದರಲ್ಲಿ ಎಡಚಕ್ರ ಕಾಣುತ್ತಿರಲಿಲ್ಲ.

ಮರುದಿನ ಒಂದು ಪತ್ರಿಕೆಯ ಮುಖಪುಟದಲ್ಲಿ ‘ಎಡಚಕ್ರ ಬಿಚ್ಚದೆ ವಿಮಾನ ಇಳಿಸಿದ ಪೈಲಟ್?’ ಎಂದು ಬಂತು. ಆ ತಲೆಬರಹ ಕೊಟ್ಟವನು ನಾನು. ಪ್ರಶ್ನಾರ್ಥಕ ಚಿಹ್ನೆ ನಮ್ಮ ವೃತ್ತಿಯ ಕೊಡೆ. ಅದೊಂದಿದ್ದರೆ ಎಂಥ ಮಳೆಯಲ್ಲೂ ನಾವು ನೆನೆಯುವುದಿಲ್ಲ. ರನ್‌ವೇ ತುದಿಯಲ್ಲಿ ಚಕ್ರ ಎಣಿಸುವ ಒಬ್ಬ ಮನುಷ್ಯ ಇರುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ, ಕೇಳುವ ಗೋಜಿಗೂ ಹೋಗಲಿಲ್ಲ. ಟೀವಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡೇ ಚಕ್ರದ ವಿಮಾನವೊಂದು ಇಳಿಯುವ ಚಿತ್ರ ಮಾಡಿ ಇಡೀ ವಾರ ತಿರುಗಿಸಿದರು. ಕೆಳಗೆ, ‘ಕಾಯಬೇಕಾದವನು ನಿದ್ದೆ ಹೊಡೆಯುತ್ತಿದ್ದನೇ?’

ತನಿಖೆಯವರ ಜೊತೆ ಮೂರಣ್ಣ ರನ್‌ವೇಯಲ್ಲಿ ನಡೆದರು. ಎಡಟೈರಿನ ಕಪ್ಪು ಗೆರೆಯನ್ನು ತಾವೇ ತೋರಿಸಿದರು. ಮೂವತ್ತೊಂದು ಹೆಜ್ಜೆ ಗೆರೆ, ಆಮೇಲೆ ಕಬ್ಬಿಣ ಉಜ್ಜಿದ ಗಾಯ. ಇಳಿಯದ ಚಕ್ರ ಗೆರೆ ಎಳೆಯುವುದಿಲ್ಲ. ಚಕ್ರದ ಕಾಲಿನೊಳಗೆ ಕಣ್ಣಿಗೆ ಕಾಣದ ಹಳೆಯ ಬಿರುಕಿತ್ತು, ನೆಲ ಮುಟ್ಟಿದ ಮೇಲೆ ಮುರಿಯಿತು ಎಂದು ನಾಲ್ಕು ತಿಂಗಳ ನಂತರ ವರದಿ ಬಂತು. ಪೈಲಟ್ ತಪ್ಪಿಲ್ಲ, ಮೂರಣ್ಣನದೂ ಇಲ್ಲ. ನಾವು ಅದನ್ನು ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು ಹಾಕಿದೆವು. ಯಾರೂ ಓದಲಿಲ್ಲ.

ಅಷ್ಟು ಹೊತ್ತಿಗೆ ಮೂರಣ್ಣನ ಕಣ್ಣಿನೊಳಗೆ ಬೇರೆಯೇ ವಿಮಾನ ಬಂದು ಕೂತಿತ್ತು.

“ನಾನು ನೋಡಿದ್ದು ಮೂರು. ಬೆರಳು ಮಡಿಸಿದ್ದು ಮೂರು. ಆದ್ರೆ ಪೇಪರ್ ಓದಿ ಓದಿ, ಟೀವಿ ನೋಡಿ ನೋಡಿ, ಈಗ ಆ ದಿನ ನೆನಪು ಮಾಡ್ಕೊಂಡ್ರೆ ಎರಡೇ ಕಾಣೋದು ಸಾರ್. ನನ್ನ ನೆನಪನ್ನ ಯಾರೋ ಅಳಿಸಿ ಬೇರೆ ಬರೆದಂಗೆ. ಆ ವಿಮಾನ ಕನಸಲ್ಲಿ ಬರುತ್ತೆ, ಸದ್ದಿಲ್ದೆ. ಇಳಿಯಲ್ಲ. ನನ್ನ ಮುಖದ ಮುಂದೆ ನಿಂತ್ಕೊಂಡಿರುತ್ತೆ.”

ಕನಸಿನಲ್ಲೇ ಇದ್ದಿದ್ದರೆ ಸಹಿಸಬಹುದಿತ್ತು. ಮೂರು ತಿಂಗಳ ಹಿಂದೆ, ನಿಚ್ಚಳ ಬಿಸಿಲಿನಲ್ಲಿ, ಬರುತ್ತಿದ್ದ ವಿಮಾನಕ್ಕೆ ಎರಡೇ ಚಕ್ರ ಕಂಡವು. ಕೆಂಪು ಬೆಳಕು ಹಾರಿಸಿಬಿಟ್ಟರು. ಅದು ಮೇಲೇರಿ ತಲೆಯ ಮೇಲೆ ಹಾದುಹೋಗುವಾಗ ನೋಡಿದರೆ ಮೂರೂ ಇದ್ದವು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಂಥ ಕಣ್ಣು ಹೊಟ್ಟೆಕಿಚ್ಚು ಬರಿಸುತ್ತದೆ ಎಂದು ಬೆನ್ನು ತಟ್ಟಿ ಕಳಿಸಿದರು.

“ಎಣ್ಣೆ ಮುಗೀತಾ ಬಂದಿರೋ ವಿಮಾನಾನ ಸುಮ್‌ಸುಮ್ನೆ ಮೇಲೆ ಓಡಿಸೋದು ಹುಡುಗಾಟ ಅಲ್ಲ. ಇನ್ನೊಂದು ಸಲ ಹಿಂಗಾದ್ರೆ ಯಾರೂ ಹೇಳೋದು ಬೇಡ, ನಾನೇ ಈ ಕುರ್ಚಿಯಿಂದ ಎದ್ದು ಹೋಗ್ತೀನಿ. ಎಣಿಸೋಕೆ ಬರದೋನಿಗೆ ಇಲ್ಲೇನು ಕೆಲಸ?”

ಬಿಸಿಲು ಬಂದಿದೆ, ಮಂಜು ಹರಿದಿದೆ. ರೇಡಿಯೊದಲ್ಲಿ ಒಂದು ಹೆಣ್ಣುದನಿ. “ಮೂರಣ್ಣ, ಬರ್ತಿದೀನಿ. ಎಷ್ಟು ನೋಡಿ ಹೇಳಿ.” ಅದೇ ಹುಡುಗಿ. ಎಂಟು ತಿಂಗಳಿಂದ ಮತ್ತೆ ಹಾರುತ್ತಿದ್ದಾಳೆ, ಪ್ರತಿ ಸಲ ಹೀಗೆ ಕೇಳಿಯೇ ಇಳಿಯುತ್ತಾಳೆ.

ಹಕ್ಕಿಗಳು ಸುಮ್ಮನಾಗುತ್ತವೆ. ದೀಪ ಬರುತ್ತದೆ. ಮೂರಣ್ಣ ಒಂದು ಬೆರಳು ಮಡಿಸುತ್ತಾರೆ. ಎರಡನೆಯದು. ಮೂರನೆಯದು ನೆಟ್ಟಗೆ ನಿಂತುಬಿಡುತ್ತದೆ. ದುರ್ಬೀನು ಎದೆಗೆ ಬೀಳುತ್ತದೆ, ಬಲಗೈ ಮೊಳೆಯ ಮೇಲಿನ ಪಿಸ್ತೂಲಿನ ಕಡೆ ಹೋಗುತ್ತದೆ. ನಾನೂ ನೋಡುತ್ತೇನೆ. ಮೂಗಿನ ಕೆಳಗೆ ಒಂದು, ಒಂದು ರೆಕ್ಕೆಯ ಕೆಳಗೆ ಒಂದು. ಇನ್ನೊಂದು ರೆಕ್ಕೆಯ ಕೆಳಗೆ ಆಕಾಶ.

ಮೂರಣ್ಣ ಕಣ್ಣು ಮುಚ್ಚಿ ತೆರೆಯುತ್ತಾರೆ. ಮೊದಲಿಂದ ಎಣಿಸುತ್ತಾರೆ. ಒಂದು. ಎರಡು. ಮೂರನೇ ಬೆರಳು ನಿಧಾನವಾಗಿ ಮಡಿಯುತ್ತದೆ.

“ಮೂರು ಕಣಮ್ಮ. ಬಾ.”

ಗಾಜು ನಡುಗುತ್ತದೆ. ವಿಮಾನ ಮೂರು ಚಕ್ರದ ಮೇಲೆ ಕೂತು ನೆಟ್ಟಗೆ ಓಡಿ ಹೋಗುತ್ತದೆ. ಮೂರಣ್ಣ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

“ನಿಜ ಹೇಳಿ ಸಾರ್. ನಿಮಗೆಷ್ಟು ಕಂಡ್ವು?”

ಸುಳ್ಳು ಹೇಳಬಹುದಿತ್ತು. “ಎರಡು,” ಎನ್ನುತ್ತೇನೆ.

ಅವರು ನಗುತ್ತಾರೆ. ನಾನು ಬಂದಾಗಿನಿಂದ ಅವರು ನಕ್ಕಿದ್ದು ಇದೇ ಮೊದಲು. “ನನಗೂ ಮೊದಲು ಎರಡೇ. ಹಂಗಾದ್ರೆ ಕಣ್ಣಿನ ದೋಷ ಅಲ್ಲ ಬಿಡಿ. ಇಬ್ರೂ ಒಂದೇ ಪೇಪರ್ ಓದಿದೀವಿ.”

“ಅದನ್ನ ಬರೆದಿದ್ದು ನಾನೇ ಅಣ್ಣ.”

“ಗೊತ್ತು. ಗೇಟಲ್ಲಿ ಪತ್ರಿಕೆ ಹೆಸರು, ನಿಮ್ಮ ಹೆಸರು ಬರೆಸಿದ್ರಲ್ಲ, ಆ ಸುದ್ದಿ ಕೆಳಗೂ ಅದೇ ಹೆಸರಿತ್ತು. ಅದಕ್ಕೇ ಒಳಗೆ ಕರ್ಕೊಂಡಿದ್ದು.”

ನಾಚಿಕೆಯಾಗುತ್ತದೆ. ನನ್ನಿಂದ ಏನಾದರೂ ಆಗಬೇಕಾ ಎಂದು ಕೇಳುತ್ತೇನೆ. ಬಡ್ತಿ, ಸನ್ಮಾನ, ಗೂಡಿಗೊಂದು ಫ್ಯಾನು, ಏನಾದರೂ. ಅವರು ದುರ್ಬೀನಿನ ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತಾರೆ. ಹುಲ್ಲಿನಲ್ಲಿ ಹಕ್ಕಿಗಳು ಮತ್ತೆ ಶುರುಮಾಡಿವೆ.

“ನನ್ನ ಬಗ್ಗೆ ಎಷ್ಟಾದ್ರೂ ಬರ್ಕೊಳ್ಳಿ, ಬಿಡಿ. ಆದ್ರೆ ಮೇಲೆ ದಪ್ಪಕ್ಷರದಲ್ಲಿ, ಪ್ರಶ್ನೆ ಗುರುತು ಹಾಕ್ದೆ, ಆವತ್ತು ಮೂರೂ ಇದ್ವು ಅಂತ ಹಾಕಿ. ನಿಮ್ಮ ಪೇಪರೇ ಹಾಕ್ಬೇಕು. ದಿನಾ ಮಲಗೋ ಮುಂಚೆ ಓದ್ಕೋತೀನಿ. ಆ ವಿಮಾನ ಇನ್ನೂ ಮೇಲೇ ನಿಂತಿದೆ ಸಾರ್, ನಾನದನ್ನ ಇಳಿಸ್ಬೇಕು.”