ಅವ್ವ ಉಟ್ಟ ಸೀರೆ ಯಾವುದು?

ಕಳೆದ ವರ್ಷ ಒಂದು ಶನಿವಾರ ಅವ್ವನನ್ನು ಕಿವಿ ಡಾಕ್ಟರಿಗೆ ತೋರಿಸಲು ಮಸ್ಕಿಯಿಂದ ಸಿಂಧನೂರಿಗೆ ಕರೆದೊಯ್ದಿದ್ದೆ. ಅವಳಿಗೆ ಎರಡೂ ಕಿವಿ ಮಂದ. ತೋರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಚೀಲ ಅವಳ ತೊಡೆಯ ಮೇಲಿಟ್ಟು, ಗುಳಿಗೆ ತರಲು ರಸ್ತೆಯಾಚೆಯ ಅಂಗಡಿಗೆ ಹೋದೆ. ಫೋನು ಚೀಲದಲ್ಲೇ ಉಳಿಯಿತು. ಆಸ್ಪತ್ರೆಯಲ್ಲಿ ಅದರ ಸದ್ದು ಬಂದ್ ಮಾಡಿದ್ದೆ.

ವಾಪಸು ಬಂದರೆ ಬೆಂಚು ಖಾಲಿ.

ಶೌಚಾಲಯ, ಹೋಟೆಲು, ನಿಂತ ಬಸ್ಸುಗಳ ಕಿಟಕಿ, ಎಲ್ಲ ಕಡೆ ನೋಡಿದೆ. ಇಲ್ಲ. ಕಂಟ್ರೋಲರ್ ಕೋಣೆಗೆ ಓಡಿದೆ. ಅವರು ನನ್ನ ನಂಬರಿಗೆ ಫೋನ್ ಹಚ್ಚಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ.

"ಏನ್ ಉಟ್ಟಾರ್ರೀ ನಿಮ್ಮವ್ವಾರು?"

"ಹಸಿರು ಸೀರಿ. ಮೂಗಿನ್ಯಾಗ ಹರಳಿನ ಮೂಗುಬೊಟ್ಟು."

ಒಂದು ಕ್ಷಣವೂ ಯೋಚಿಸದೆ ಹೇಳಿದೆ. ಮೈಕಿನಲ್ಲಿ ಅದೇ ಕೂಗಿದರು. ಹಸಿರು ಸೀರೆಯ ಮುದುಕಿಯೊಬ್ಬಳನ್ನು ಆಟೋದವನು ಕರೆತಂದ. ಅವ್ವ ಅಲ್ಲ. ಅರ್ಧ ತಾಸು ಹೀಗೇ ಹೋಯಿತು.

ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದೇ ಬಾಗಿಲಿಗೆ ಬಂದಳು. "ಆ ಬೆಂಚಿನ ಮ್ಯಾಲೆ ಕುಂತಾಕಿ ಏನಬೇ? ಆಕಿ ಹಸಿರು ಉಟ್ಟಿದ್ದಿಲ್ಲ. ಬದನಿಕಾಯಿ ಬಣ್ಣ. ಮೂಗಿನ್ಯಾಗೂ ಏನಿದ್ದಿಲ್ಲ. ಲಿಂಗಸುಗೂರು ಬಸ್ ಹತ್ಯಾಳ, ನಾನ ನೋಡೀನಿ."

"ಇಲ್ಲ, ನಮ್ಮವ್ವ..." ಎಂದವಳು ಅಲ್ಲಿಗೇ ನಿಂತೆ.

ಹಸಿರು ಸೀರೆ ನನ್ನ ಫೋನಿನ ಪರದೆಯ ಮೇಲಿತ್ತು. ಎರಡು ವರ್ಷದ ಹಿಂದೆ, ಅಕ್ಕನ ಮಗಳ ಮದುವೆಯಲ್ಲಿ ತೆಗೆದ ಫೋಟೋ. ದಿನಕ್ಕೆ ನೂರು ಸಲ ನೋಡುವ ಅವ್ವ ಅವಳೇ. ಮೂಗುಬೊಟ್ಟನ್ನು ಆಮೇಲೆ ಮೂಗಿನಲ್ಲಿ ಕೀವಾದಾಗ ಎಣ್ಣೆ ಹಚ್ಚಿ ಬಿಚ್ಚಿದವಳು ನಾನೇ. ಆ ದಿನ ಬೆಳಿಗ್ಗೆ ಬಸ್ಸಿನಲ್ಲೂ ಅವಳ ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೆ. ಈಗ ಕಣ್ಣು ಮುಚ್ಚಿ ನೆನೆಸಿಕೊಂಡರೆ, ಗಾಜಿನ ಮೇಲೆ ಬಿಸಿಲು ಹೊಳೆದದ್ದು, ನಾನು ಫೋನು ಓರೆ ಮಾಡಿದ್ದು, ಅಷ್ಟೇ ನೆನಪಿಗೆ ಬಂತು. ಸೀರೆ ಬರಲಿಲ್ಲ. ಇಷ್ಟು ಹತ್ತಿರ ಕೂತವಳನ್ನು ನಾನು ನೋಡಿಯೇ ಇರಲಿಲ್ಲ.

ಲಿಂಗಸುಗೂರು ಬಸ್ಸು ಮಸ್ಕಿ ಮೇಲೇ ಹೋಗುತ್ತದೆ. ಕಂಟ್ರೋಲರ್ ಮಸ್ಕಿ ಬಸ್‌ಸ್ಟ್ಯಾಂಡಿಗೆ ಫೋನ್ ಮಾಡಿ, ಬದನೆಕಾಯಿ ಬಣ್ಣದ ಸೀರೆ ಎಂದು ಹೇಳಿದರು. ಅವಳು ಮಸ್ಕಿಯಲ್ಲಿ ಇಳಿಯದೆ ಹೋದರೆ? ಕಂಡಕ್ಟರ್ ಕೂಗಿದ್ದು ಕೇಳಿಸದಿದ್ದರೆ? ಲಿಂಗಸುಗೂರಿನಲ್ಲಿ ನಮ್ಮವರೆಂಬುವರು ಯಾರೂ ಇಲ್ಲ. ಗೋಡೆಗೆ ಒರಗಿ ನಿಂತು ಗಡಿಯಾರ ನೋಡುತ್ತಿದ್ದೆ. ಕಡೆಗೆ ಫೋನ್ ಬಂತು.

"ಸಿಕ್ಕಾರ್ರೀ. ಮಸ್ಕಿಯಾಗ ಇಳಿದು ಕುಂತಾರ."

ಮುಂದಿನ ಬಸ್ಸಿಗೆ ಹೋದೆ. ಚೀಲ ತಬ್ಬಿ ಕೂತಿದ್ದ ಅವ್ವ ನನ್ನನ್ನು ಕಂಡವಳೇ ಬೈದಳು: "ಎಲ್ಲಿ ಹೋಗಿದ್ದೀ ಬೇ? ಮಂದಿ ಬಸ್ಸಿಗೆ ಓಡಾಕತ್ತಿತ್ತು, ನೀ ಮುಂದಿನ ಬಾಗಿಲಿಂದ ಸೀಟ್ ಹಿಡ್ಯಾಕ ಹತ್ತೀದಿ ಅಂದ್ಕೊಂಡೆ. ಒಳಗ ಹುಡುಕ್ತೀನಿ, ನೀನ ಇಲ್ಲ!"

ಮಸ್ಕಿಯ ಕಂಟ್ರೋಲರ್ ನಗುತ್ತ ಹೇಳಿದರು: "ಮಗಳು ಕಳದಾಳ ಅಂತ ಇವರ ನಮಗ ಕಂಪ್ಲೇಂಟ್ ಕೊಟ್ಟಾರ್ರೀ. ಬೂದಿ ಬಣ್ಣದ ಸೀರಿ, ನೆರಿಗಿಗೆ ಚಾ ಚೆಲ್ಲ್ಯಾಳ, ಬಲಗಾಲ ಚಪ್ಪಲಿಗೆ ಪಿನ್ ಹಾಕ್ಯಾಳ, ಮುಂಜಾನಿಂದ ಏನೂ ಉಂಡಿಲ್ಲ ಅಂತ."

ನಾನು ಬಗ್ಗಿ ನೆರಿಗೆ ನೋಡಿಕೊಂಡೆ. ಚಹಾದ ಕಲೆ ಅಲ್ಲೇ ಇತ್ತು.

ಮನೆಗೆ ನಡೆಯುವಾಗ ಅವ್ವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡಬೇ, ಕೈ ನೋಯ್ತೈತಿ" ಅಂದಳು.

ಬಿಡಲಿಲ್ಲ.